ನೋಡಿದವರು ಯಾರು?

ಅಮೆರಿಕದ ವಿಶ್ವವಿದ್ಯಾಲಯಗಳ ಜೀವವೈದ್ಯಕೀಯ ವಿಭಾಗಕ್ಕೆ ಪಿಎಚ್.ಡಿ. ಮಾಡಲು ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಪತ್ರ ಬರೆಯುವ ಮೇಷ್ಟ್ರಿಗೆ ಅಲ್ಲಿಂದ ಒಂದು ಫಾರಂ ಬರುತ್ತದೆ. ಈ ವಿದ್ಯಾರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ರೀತಿಯಲ್ಲಿ ಬಲ್ಲಿರಿ ಎಂದು ಮೊದಲು ಕೇಳುತ್ತದೆ. ಆಮೇಲೆ ಒಂದು ಕೋಷ್ಟಕ: ನೀವು ಈವರೆಗೆ ಕಂಡ ವಿದ್ಯಾರ್ಥಿಗಳ ಸಾಲಿನಲ್ಲಿ ಇವರನ್ನು ಎಲ್ಲಿ ನಿಲ್ಲಿಸುತ್ತೀರಿ? ಸ್ವಂತವಾಗಿ ಯೋಚಿಸುತ್ತಾರೆಯೇ? ಪ್ರಯೋಗ ಕೈಕೊಟ್ಟಾಗ ಹೇಗೆ ನಡೆದುಕೊಳ್ಳುತ್ತಾರೆ? ಜಿಲ್ಲಾ ಕೇಂದ್ರವೊಂದರ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆಗಳು ವಿದ್ಯಾರ್ಥಿಯ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಬಗ್ಗೆ ಕೇಳುತ್ತವೆ ಅನ್ನಿಸುತ್ತದೆ. ಪ್ರಯೋಗ ಕೈಕೊಟ್ಟಾಗ ಈ ಹುಡುಗಿ ಏನು ಮಾಡಿದಳು ಎಂದು ಹೇಳಬೇಕಾದರೆ, ಕೈಕೊಡಬಹುದಾದ ಪ್ರಯೋಗವೊಂದನ್ನು ನಾವು ಅವಳ ಕೈಗೆ ಕೊಟ್ಟಿರಬೇಕಲ್ಲ.

ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಈರುಳ್ಳಿ ಬೇರಿನ ತುದಿಯನ್ನು ಕತ್ತರಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಕೋಶ ವಿಭಜನೆಯ ಹಂತಗಳು ಕಾಣಬೇಕು. ಕಾಣದಿದ್ದರೆ ಪುಸ್ತಕ ನೋಡಿ ರೆಕಾರ್ಡಿನಲ್ಲಿ ಚಿತ್ರ ಬರೆದರೆ ಮುಗಿಯಿತು. ಏಕೆ ಕಾಣಲಿಲ್ಲ? ಬೇರನ್ನು ದಿನದ ಯಾವ ಹೊತ್ತಿನಲ್ಲಿ ಕತ್ತರಿಸಿದೆವು, ಆಮ್ಲದಲ್ಲಿ ಎಷ್ಟು ನಿಮಿಷ ಬಿಟ್ಟೆವು? ಸಂಶೋಧನೆ ಶುರುವಾಗುವುದು ಈ ಪ್ರಶ್ನೆಗಳಿಂದಲೇ. ಆದರೆ ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ, ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿರುತ್ತದೆ. ಮೂರು ವರ್ಷ ಕಳೆದ ಮೇಲೆ ವಿದ್ಯಾರ್ಥಿಯ ಅಂಕ ನಮಗೆ ಗೊತ್ತು, ಹಾಜರಾತಿ ಗೊತ್ತು, ಕೈಬರಹ ಗೊತ್ತು. ಅವಳು ಹೇಗೆ ಯೋಚಿಸುತ್ತಾಳೆ ಎಂಬುದು ಗೊತ್ತಾಗಿರುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಒಂದು ರೂಢಿ ಬೆಳೆದಿದೆ. ವಿದ್ಯಾರ್ಥಿಯೇ ತನ್ನ ಶಿಫಾರಸು ಪತ್ರವನ್ನು ಟೈಪ್ ಮಾಡಿಸಿ ತರುತ್ತಾನೆ, ಮೇಷ್ಟ್ರು ಸಹಿ ಹಾಕುತ್ತಾರೆ. ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಪಂಕ್ಚುಯಲ್ ಎಂಬ ಮೂರು ಮಾತು ಆ ಎಲ್ಲ ಪತ್ರಗಳಲ್ಲೂ ಇರುತ್ತವೆ. ಅವನ್ನು ಓದುವವರಿಗೆ ಈ ಹುಡುಗನನ್ನು ಯಾರೂ ಹತ್ತಿರದಿಂದ ನೋಡಿಲ್ಲ ಎಂಬುದೊಂದೇ ತಿಳಿಯುತ್ತದೆ.

ಇದರಿಂದ ಆಗುವ ನಷ್ಟ ಎಷ್ಟೆಂಬುದು 2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಓದಿದಾಗ ನನಗೆ ಸ್ಪಷ್ಟವಾಯಿತು. ಒಂದು, ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ್ದು. ಅಲ್ಲಿ ಜೀವವೈದ್ಯಕೀಯ ಪಿಎಚ್.ಡಿ.ಗೆ ಸೇರಿದ್ದ 280 ಜನರ ಹಳೆಯ ಅರ್ಜಿಗಳನ್ನು ತೆಗೆದು, ಅವರು ಮುಂದೆ ಮಾಡಿದ ಕೆಲಸದ ಜೊತೆ ಇಟ್ಟು ನೋಡಿದರು. ಹೆಚ್ಚು ಪ್ರಬಂಧ ಪ್ರಕಟಿಸಿದವರು ಯಾರು, ಪ್ರಕಟಿಸದವರು ಯಾರು ಎಂಬುದನ್ನು ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕವಾಗಲಿ ಪದವಿಯ ಅಂಕವಾಗಲಿ ಮುಂಚಿತವಾಗಿ ತಿಳಿಸಿರಲಿಲ್ಲ. ತಿಳಿಸಿದ್ದು ಶಿಫಾರಸು ಪತ್ರಗಳು, ಅಂದರೆ ಹಿಂದಿನ ಗುರುಗಳು ಕೊಟ್ಟ ತೂಕ. ಇನ್ನೊಂದು, ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ 683 ವಿದ್ಯಾರ್ಥಿಗಳ ಅಧ್ಯಯನ. ಮೊದಲ ಸೆಮಿಸ್ಟರಿನ ಅಂಕಗಳನ್ನು ಜಿಆರ್‌ಇ ಅಷ್ಟಿಷ್ಟು ಊಹಿಸಿತ್ತು; ಯಾರು ಪದವಿ ಮುಗಿಸುತ್ತಾರೆ, ಎಷ್ಟು ವರ್ಷದಲ್ಲಿ ಮುಗಿಸುತ್ತಾರೆ, ಎಷ್ಟು ಪ್ರಬಂಧ ಬರೆಯುತ್ತಾರೆ ಎಂಬುದನ್ನು ಊಹಿಸಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಬಹಳಷ್ಟು ಜೀವವೈದ್ಯಕೀಯ ವಿಭಾಗಗಳು ಜಿಆರ್‌ಇಯನ್ನು ಕೈಬಿಟ್ಟವು.

ಒಳ್ಳೆಯದಾಯಿತು ಎಂದು ಅಲ್ಲಿಯವರು ಸಂತೋಷಪಟ್ಟರು. ನನಗೆ ಪೂರ್ತಿ ಸಂತೋಷವಾಗಲಿಲ್ಲ. ಆ ಅಧ್ಯಯನಗಳಲ್ಲಿದ್ದವರೆಲ್ಲ ಸೀಟು ಸಿಕ್ಕಿ ಸೇರಿದವರು. ಬಾಗಿಲಲ್ಲೇ ಹಿಂದಿರುಗಿದವರು ಒಳಗೆ ಹೋಗಿದ್ದರೆ ಏನು ಮಾಡುತ್ತಿದ್ದರು ಎಂಬುದಕ್ಕೆ ಅವು ಉತ್ತರ ಕೊಡಲಾರವು. ಪತ್ರಕ್ಕೆ ಬೆಲೆ ಬರುವುದು ಬರೆದವರು ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು ಕೆಲಸ ನೋಡಿದ್ದರೆ ಮಾತ್ರ. ಲ್ಯಾಬ್ ಇರುವ ಊರಿನ, ಲ್ಯಾಬ್‌ಗೆ ಹೋಗಲು ಬಿಡುವಿರುವ ಮನೆಯ ಮಕ್ಕಳಿಗೆ ಆ ಪತ್ರ ಸಿಗುತ್ತದೆ. ಬೀದರ್‌ನಿಂದಲೋ ರಾಯಚೂರಿನಿಂದಲೋ ಬರುವ ಹುಡುಗನಿಗೆ ಹೆಸರು, ಊರು, ಮಾತಿನ ಧಾಟಿ ಯಾವುದನ್ನೂ ಕೇಳದ ಒಂದು ಪ್ರಶ್ನೆಪತ್ರಿಕೆಯೇ ಹೆಚ್ಚು ದಯಾಳು. ನಮ್ಮಲ್ಲಿ ಸಿಎಸ್‌ಐಆರ್-ಯುಜಿಸಿ ನೆಟ್ ಇದೆ, ಗೇಟ್ ಇದೆ, ಜೀವವಿಜ್ಞಾನಕ್ಕೆಂದೇ ಟಿಐಎಫ್‌ಆರ್ ನಡೆಸುವ ಪ್ರವೇಶ ಪರೀಕ್ಷೆಯೂ ಇದೆ. ನೆಟ್ ಮೂಲಕ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಮನೆಗೆ ದುಡ್ಡು ಕಳಿಸಬೇಕಾದ ಹುಡುಗನೂ ವಿಜ್ಞಾನಿಯಾಗುವ ಯೋಚನೆ ಮಾಡಲು ಸಾಧ್ಯವಾಗಿರುವುದು ಈ ಹಣದಿಂದ. ಈ ಪರೀಕ್ಷೆಗಳನ್ನು ಬರೀ ಬಾಯಿಪಾಠ ಎಂದು ಹಳಿಯುವವರ ಜೊತೆ ನಾನು ಸೇರಲಾರೆ. ಆದರೆ ಪರೀಕ್ಷೆ ದಾಟಿದ ಮೇಲೆ ಸಂದರ್ಶನವಿದೆ, ಮತ್ತೆ ಅಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದು ಕೂರುತ್ತದೆ: ನೀನಾಗಿಯೇ ನೋಡಿ ಅರ್ಥ ಮಾಡಿಕೊಂಡದ್ದು ಏನಾದರೂ ಇದೆಯೇ?

ಒಂದು ವರ್ಷ ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ತನ್ನ ಉದ್ದೇಶದ ಟಿಪ್ಪಣಿಯನ್ನು ತಿದ್ದಿಕೊಡಿ ಎಂದು ತಂದಳು. ಅರ್ಜಿಯ ಜೊತೆ ಎಲ್ಲರೂ ಬರೆಯಬೇಕಾದ ಎರಡು ಪುಟದ ಬರಹ ಅದು. ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಕುತೂಹಲ, ಅಜ್ಜಿ ಕ್ಯಾನ್ಸರಿನಿಂದ ತೀರಿಕೊಂಡಾಗ ಈ ರೋಗಕ್ಕೆ ಮದ್ದು ಕಂಡುಹಿಡಿಯುವ ಪಣ ತೊಟ್ಟೆ, ಹೀಗೆ ಸಾಗಿತ್ತು. ಅಜ್ಜಿಯ ಸಾವು ನಿಜ, ಆ ನೋವೂ ನಿಜ. ಆದರೆ ಯಾವ ಕ್ಯಾನ್ಸರ್, ಅದರ ಬಗ್ಗೆ ನಿನಗೆ ತಿಳಿಯಬೇಕಾದದ್ದು ಏನು ಎಂದು ಕೇಳಿದರೆ ಅವಳ ಬಳಿ ಉತ್ತರವಿರಲಿಲ್ಲ. ಮನೆಯಲ್ಲಿ ಏನು ಮಾಡುತ್ತಾರಮ್ಮ ಎಂದು ಮಾತು ಬದಲಿಸಿದೆ.

"ರೇಷ್ಮೆ ಸಾರ್. ಹುಳ ಸಾಕ್ತೀವಿ."

"ರೋಗ ಬಂದಿತ್ತಾ ಯಾವಾಗಲಾದರೂ?"

ಅಲ್ಲಿಂದ ಅವಳ ಮಾತಿನ ಧಾಟಿಯೇ ಬೇರೆಯಾಯಿತು. ಹಾಲುತೊಂಡೆ ರೋಗ ಬಂದ ಬೆಳೆಯ ಕತೆ ಹೇಳಿದಳು. ರೋಗ ತಗುಲಿದ ಹುಳು ಊದಿಕೊಂಡು, ಮೈ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಸಾಯುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು ತಟ್ಟೆಯ ಅಂಚಿಗೆ ಬಂದು ಸುತ್ತತೊಡಗುತ್ತದೆ. ಅಂಚಿಗೆ ಬಂದ ಹುಳುವನ್ನು ಅವಳ ಅಮ್ಮ ಆಗಲೇ ತೆಗೆದು ಹಾಕುತ್ತಿದ್ದರು, ಮೈ ಒಡೆಯುವವರೆಗೆ ಕಾಯುತ್ತಿರಲಿಲ್ಲ. ದ್ವಿತಳಿ ಹುಳಕ್ಕೆ ಬೇಗ ತಗುಲುತ್ತದೆ, ಮಿಶ್ರತಳಿ ಸ್ವಲ್ಪ ತಡೆಯುತ್ತದೆ. ಒಂದೇ ತಟ್ಟೆ, ಒಂದೇ ಹಿಪ್ಪುನೇರಳೆ ಸೊಪ್ಪು. ಆದರೂ ಕೆಲವು ಹುಳು ಏನೂ ಆಗದ ಹಾಗೆ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತವೆ. ಅದು ಯಾಕೆ ಸಾರ್?

ಇದು ಸೋಂಕು ಮತ್ತು ರೋಗನಿರೋಧಕ ಶಕ್ತಿಯ ಮೂಲಭೂತ ಪ್ರಶ್ನೆ. ಒಂದೇ ವೈರಸ್ ಒಬ್ಬರನ್ನು ಕೊಂದು ಪಕ್ಕದವರನ್ನು ಏಕೆ ಬಿಡುತ್ತದೆ ಎಂದು ಆಸ್ಪತ್ರೆಗಳು ಕೇಳುವುದೂ ಇದನ್ನೇ. ಹುಳು ಅಂಚಿಗೆ ಬಂದು ಅಲೆಯುತ್ತದೆಂಬ ಅಮ್ಮನ ಗಮನಿಕೆಯಂತೂ ನೇರವಾಗಿ ಪ್ರಯೋಗಾಲಯದ ವಿಷಯ. ರೇಷ್ಮೆಹುಳುವಿಗೆ ಹಾಲುತೊಂಡೆ ತರುವ ವೈರಸ್‌ನಲ್ಲಿರುವ ಒಂದು ಜೀನ್ ಹುಳುವನ್ನು ಹೀಗೆ ಓಡಾಡಿಸುತ್ತದೆ ಎಂದು ತೋರಿಸಿದ ಸಂಶೋಧನೆ 2005ರಲ್ಲಿ ಪ್ರಕಟವಾಗಿದೆ. ಆ ಜೀನ್ ತೆಗೆದ ವೈರಸ್ ತಗುಲಿದ ಹುಳುಗಳು ಅಷ್ಟು ಅಲೆಯಲಿಲ್ಲ. ರೇಷ್ಮೆಗೂ ವೈದ್ಯವಿಜ್ಞಾನಕ್ಕೂ ಇರುವ ನಂಟು ಹೊಸದಲ್ಲ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿಗೆ ಹೋದದ್ದು ಹುಳುಗಳ ಗಂಟುರೋಗವನ್ನು ಅರ್ಥ ಮಾಡಿಕೊಳ್ಳಲು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ರೋಗವಿದ್ದರೆ ಮೊಟ್ಟೆ ಸುಡುವ ಪದ್ಧತಿ ಅವನ ಆ ಕೆಲಸದಿಂದ ಬಂತು. ನಮ್ಮ ಬಿತ್ತನೆ ಕೋಠಿಗಳಲ್ಲಿ ಈಗಲೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಮನುಷ್ಯರ ಸೋಂಕು ರೋಗಗಳ ಮೇಲಿನ ಅವನ ಕೆಲಸ ಬಂದದ್ದು ಇದಾದ ಮೇಲೆ.

ಹುಳುಮನೆಯಲ್ಲಿ ಕಂಡದ್ದನ್ನೆಲ್ಲ ಟಿಪ್ಪಣಿಯಲ್ಲಿ ಏಕೆ ಬರೆಯಲಿಲ್ಲ ಎಂದು ಅವಳನ್ನು ಕೇಳಿದೆ. "ಹುಳದ ವಿಷಯ ಬರೆದ್ರೆ ನಗಲ್ವಾ ಸಾರ್?" ಎಂದಳು. ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಚಿಕ್ಕಂದಿನಿಂದ ಕಂಡು, ಕೈಯಲ್ಲಿ ಮುಟ್ಟಿ ತಿಳಿದದ್ದು ಜ್ಞಾನವಲ್ಲ, ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದು ಮಾತ್ರ ಜ್ಞಾನ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಾರರು. ಹದಿನೈದು ವರ್ಷದ ಓದು ಸದ್ದಿಲ್ಲದೆ ಅದನ್ನು ಕಲಿಸಿಬಿಟ್ಟಿತ್ತು. ಅವಳ ಹುಳುಮನೆಯ ವಿಷಯ ನಮ್ಮ ಪ್ರಾಕ್ಟಿಕಲ್ ಕೊಠಡಿಯೊಳಗೆ ಯಾವತ್ತೂ ಬಂದಿರಲಿಲ್ಲ, ಏಕೆಂದರೆ ಅಲ್ಲಿ ಅದನ್ನು ಕೇಳುವವರು ಇರಲಿಲ್ಲ.

ವಿದ್ಯಾರ್ಥಿಯನ್ನು ಯಾರಾದರೂ ನಿಜವಾಗಿ ನೋಡುವುದು ಎಂದಾಗ ನನಗೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ನೆನಪಾಗುತ್ತಾರೆ. ಭಾರತದಲ್ಲಿ ಜೀವರಸಾಯನ ವಿಜ್ಞಾನಕ್ಕೆ ಸಲ್ಲಿಸಿದ ಅರ್ಜಿಗಳ ಪೈಕಿ ಅವರದಕ್ಕಿಂತ ಮುಖ್ಯವಾದುದು ಇನ್ನೊಂದಿರಲಾರದು. 1933ರಲ್ಲಿ, ಆಗಿನ್ನೂ ಕಮಲಾ ಭಾಗವತ್, ಮುಂಬೈ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೊದಲಿಗರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆ ಮತ್ತು ತಂದೆಯ ಸೋದರ ಇಬ್ಬರೂ ಅಲ್ಲೇ ಓದಿದವರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಸುಮ್ಮನಾಗದೆ ಪಟ್ಟು ಹಿಡಿದ ಮೇಲೆ ಷರತ್ತುಗಳೊಂದಿಗೆ ಒಪ್ಪಿದರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ, ಕೆಲಸ ತೃಪ್ತಿಕರವೆನಿಸಿದರೆ ಮಾತ್ರ ಮುಂದುವರಿಕೆ, ಅವರ ಇರವಿನಿಂದ ಗಂಡು ಸಂಶೋಧಕರ ಗಮನ ಕೆಡಬಾರದು. ಅಂಕಪಟ್ಟಿ ಎಲ್ಲ ಹೇಳಿದ್ದರೂ ಅದನ್ನು ಓದಲು ಮನಸ್ಸಿಲ್ಲದವರ ಮುಂದೆ ಅಂಕ ಏನು ತಾನೇ ಮಾಡೀತು?

ಆ ವರ್ಷ ಅವರನ್ನು ಇಬ್ಬರು ನೋಡಿದರು. ನಿರ್ದೇಶಕರದು ಕಾವಲಿನ ನೋಟ. ಮಾರ್ಗದರ್ಶಕ ಎಂ. ಶ್ರೀನಿವಾಸಯ್ಯನವರು ನೋಡಿದ್ದು ಗುರುವಾಗಿ, ಹಾಲು ಮತ್ತು ಕಾಳುಗಳ ಪ್ರೋಟೀನಿನ ಮೇಲೆ ಅವರಿಂದ ಕೆಲಸ ಮಾಡಿಸುತ್ತ. ವರ್ಷ ಮುಗಿದ ಮೇಲೆ ರಾಮನ್ ತೃಪ್ತರಾದರು, ಮುಂದೆ ಇತರ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು. ಕಮಲಾ ಕೇಂಬ್ರಿಜ್‌ಗೆ ಹೋಗಿ, ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಕಂಡು, 1939ರಲ್ಲಿ ಪಿಎಚ್.ಡಿ. ಪಡೆದರು. ಈ ಕತೆಯನ್ನು ಎಲ್ಲರೂ ಗೆಲುವಿನ ಕತೆಯಾಗಿ ಹೇಳುತ್ತಾರೆ. ಆ ಷರತ್ತುಗಳ ಅವಮಾನವನ್ನು ಅವರು ಕೊನೆಯವರೆಗೂ ಮರೆತಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಅವರಂತೆ ಪಟ್ಟು ಹಿಡಿಯಲಾರದೆ ಪತ್ರ ಓದಿ ಮಡಿಸಿಟ್ಟು ಮನೆಯಲ್ಲೇ ಉಳಿದವರು ಇದ್ದಿರಲೇಬೇಕು. ಅವರ ಹೆಸರು ಯಾವ ಕಡತದಲ್ಲೂ ಇಲ್ಲ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವ ಮಾತೊಂದಿದೆ: ತಿರಸ್ಕಾರದ ಇಮೇಲ್ ನಿಮ್ಮ ಯೋಗ್ಯತೆಯ ತೀರ್ಪಲ್ಲ. ಇದು ಬರೀ ಸಮಾಧಾನದ ಮಾತಲ್ಲ, ಇದಕ್ಕೆ ಲೆಕ್ಕದ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪಿಎಚ್.ಡಿ. ತರಬೇತಿಗೆಂದು ವಿಶ್ವವಿದ್ಯಾಲಯಗಳಿಗೆ ಕೊಡುವ ಅನುದಾನವನ್ನು ಅಲ್ಲಿನ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಬಳಸಬಹುದು. ಹೊರದೇಶದ ವಿದ್ಯಾರ್ಥಿಗೆ ವಿಭಾಗ ಬೇರೆ ಕಡೆಯಿಂದ ಹಣ ಹೊಂದಿಸಬೇಕು, ಆದ್ದರಿಂದ ಎಷ್ಟೋ ಕಡೆ ನಮ್ಮವರಿಗೆ ಇರುವ ಸೀಟೇ ಬೆರಳೆಣಿಕೆಯಷ್ಟು. ಅರ್ಜಿ ಶುಲ್ಕ ಒಂದೊಂದಕ್ಕೂ ನೂರು ಡಾಲರಿನ ಆಸುಪಾಸು. ಕೆಲವು ವಿಭಾಗಗಳು ಕೇಳಿದರೆ ಮನ್ನಾ ಮಾಡುತ್ತವೆ, ಆದರೆ ಕೇಳಬಹುದು ಎಂಬುದೇ ನಮ್ಮ ಮಕ್ಕಳಿಗೆ ಗೊತ್ತಿರುವುದಿಲ್ಲ. ಬಹಳಷ್ಟು ಅರ್ಜಿಗಳಿಗೆ ಡಿಸೆಂಬರ್ ಮೊದಲ ವಾರವೇ ಕೊನೆ. ನಮ್ಮ ಮಕ್ಕಳು ವಿಚಾರಿಸಲು ಬರುವುದು ಜನವರಿಯಲ್ಲಿ.

ಇದಕ್ಕೆಲ್ಲ ಪರಿಹಾರ ಡಿಗ್ರಿಯ ಎರಡನೇ ವರ್ಷದಲ್ಲೇ ಶುರುವಾಗಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ನಿಜವಾದ ಲ್ಯಾಬ್‌ನಲ್ಲಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯ ಜೊತೆ ಇರಬಹುದು. ಇದು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕಾಲೇಜು ಮೇಷ್ಟ್ರಿಗೂ ಉಂಟು, ಮತ್ತು ಮೇಷ್ಟ್ರು ಹೋಗುವುದೇ ಹೆಚ್ಚು ಮುಖ್ಯ ಎಂದು ನಾನು ನಂಬಿದ್ದೇನೆ. ವಿದ್ಯಾರ್ಥಿ ಹೋದರೆ ಒಬ್ಬರಿಗೆ ಪತ್ರ ಸಿಗುತ್ತದೆ. ಮೇಷ್ಟ್ರು ಹೋಗಿಬಂದರೆ ವರ್ಷವರ್ಷವೂ ಒಂದು ತರಗತಿಗೆ ಬೇರೆ ರೀತಿಯ ಪ್ರಾಕ್ಟಿಕಲ್ ಸಿಗುತ್ತದೆ. ನನ್ನ ತರಗತಿಯಲ್ಲಿ ಈಗ ಕೊನೆಯ ಸೆಮಿಸ್ಟರಿನವರು ತಮ್ಮ ಊರಿನಿಂದ ಒಂದು ಪ್ರಶ್ನೆ ತರಬೇಕು. ಕುರಿಯ ಹುಳು, ಬಾವಿಯ ನೀರು, ಸಂತೆಯ ಮೀನು, ಯಾವುದಾದರೂ ಸರಿ. ಅದರ ಬೆನ್ನು ಹತ್ತಿ ಅವರು ಏನು ಮಾಡಿದರು, ಎಲ್ಲಿ ಸಿಕ್ಕಿಹಾಕಿಕೊಂಡರು, ಆಮೇಲೆ ಯಾವ ದಾರಿ ಹಿಡಿದರು ಎಂದು ನಾನು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡುತ್ತೇನೆ. ಶಿಫಾರಸು ಪತ್ರ ಬರೆಯುವಾಗ ತೆರೆಯುವುದು ಆ ನೋಟ್‌ಬುಕ್ಕನ್ನೇ.

ಶಿಡ್ಲಘಟ್ಟದ ಹುಡುಗಿ ಟಿಪ್ಪಣಿಯನ್ನು ಹೊಸದಾಗಿ ಬರೆದಳು, ಅಜ್ಜಿಗೆ ಒಂದು ಸಾಲು, ಹುಳುಮನೆಗೆ ಒಂದೂವರೆ ಪುಟ. ಆ ವರ್ಷ ಅಮೆರಿಕದಲ್ಲಿ ಎಲ್ಲಿಯೂ ಸೀಟು ಸಿಗಲಿಲ್ಲ. ಅದೇ ಟಿಪ್ಪಣಿ ಹಿಡಿದು ಬೆಂಗಳೂರಿನ ಲ್ಯಾಬ್ ಒಂದಕ್ಕೆ ಬರೆದಳು. ಈಗ ಅಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ವೈರಸ್ ತಗುಲಿದ ಕೀಟಕೋಶಗಳ ಮೇಲೆ ಕೆಲಸ. ಮೊದಲ ಮೂರು ತಿಂಗಳು ಕೋಶಗಳೇ ಬದುಕಲಿಲ್ಲವಂತೆ, ಕೊನೆಗೆ ಕಾರಣ ಹುಡುಕಿದ್ದು ಅವಳೇ ಅಂತೆ. ಈ ಸಲದ ಅರ್ಜಿಗೆ ಮೊದಲ ಪತ್ರ ಬರೆಯುವವರು ಆ ಲ್ಯಾಬ್‌ನ ಮುಖ್ಯಸ್ಥರು. ಎರಡನೆಯದನ್ನು ನಾನು ಬರೆಯುತ್ತಿದ್ದೇನೆ, ಮೂರನೆಯದಕ್ಕೆ ಯಾರನ್ನು ಕೇಳಲಿ ಎಂದು ಮೊನ್ನೆ ಫೋನ್ ಮಾಡಿದ್ದಳು.