ನೆರಳು ಕೊಡುವುದೂ ದಾಸೋಹವೇ

ಉಘೇ ಮಾದಪ್ಪ! ಉಘೇ ಉಘೇ!

ಎಪ್ಪತ್ತೇಳು ಮಲೆಯ ಒಡೆಯನಾದ ಶ್ರೀ ಮಲೆ ಮಹದೇಶ್ವರ ಸ್ವಾಮಿಯ ಸನ್ನಿಧಾನಕ್ಕೆ ಬಂದಿರುವ ಭಕ್ತಮಹಾಶಯರೇ,

ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಈ ನಾಲ್ಕು ಜಾತ್ರೆಗಳಲ್ಲಿ ಬೆಟ್ಟಕ್ಕೆ ಬರುವ ಜನಕ್ಕೆ ಲೆಕ್ಕವಿಲ್ಲ. ಮೈಸೂರು, ಮಂಡ್ಯ, ರಾಮನಗರ, ಕನಕಪುರದ ಕಡೆಯ ಎಷ್ಟೋ ಮಂದಿ ಹರಕೆ ಹೊತ್ತು ನಡೆದೇ ಬರುತ್ತಾರೆ. ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ತಾಳುಬೆಟ್ಟ ಸೇರುವವರು ಕೆಲವರು, ಸಂಗಮದ ಕಡೆ ಕಾವೇರಿ ದಾಟಿ ಬರುವವರು ಕೆಲವರು. ಇಷ್ಟು ಜನಕ್ಕೂ ಛತ್ರದಲ್ಲಿ, ಕೊಠಡಿಗಳಲ್ಲಿ ಜಾಗ ಸಾಲುವುದಿಲ್ಲ. ಆದ್ದರಿಂದ ಊರೂರಿನ ಭಕ್ತರು ತಮ್ಮ ಗುಂಪಿಗೆಂದು ಟಾರ್ಪಾಲು, ಗಳ, ಹಗ್ಗ, ಜಮಖಾನ, ಕೊಳದಪ್ಪಲೆ ಎಲ್ಲವನ್ನೂ ಕಟ್ಟಿಕೊಂಡು ಬಂದು, ತೋರಿಸಿದ ಬಯಲಿನಲ್ಲಿ ಗುಡಾರ ಹಾಕಿಕೊಂಡು, ಅಲ್ಲೇ ಅಡಿಗೆ ಮಾಡಿ ಹತ್ತು ಜನಕ್ಕೆ ಬಡಿಸಿ ಪುಣ್ಯ ಕಟ್ಟಿಕೊಳ್ಳುತ್ತಾರೆ.

ಅನ್ನ ಇಕ್ಕಿದರೆ ದಾಸೋಹ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಿಸಿಲಿಗೆ ಬಾಡಿ ಬಂದವನಿಗೆ, ಮಳೆಯಲ್ಲಿ ತೊಯ್ದು ನಡುಗುವ ಮುದುಕಿಗೆ, ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿಗೆ ಒಂದು ರಾತ್ರಿಯ ನೆರಳು ಕೊಡುವುದೂ ಅಷ್ಟೇ ದೊಡ್ಡ ದಾಸೋಹ. ಆ ನೆರಳನ್ನು ಜಾತ್ರೆ ಮುಗಿದ ಮೇಲೆ ಯಾರು ಕಾಯಬೇಕು, ಹೇಗೆ ಕಾಯಬೇಕು ಎಂಬುದನ್ನು ಭಕ್ತರು ಕೊಂಚ ಯೋಚಿಸಬೇಕು.

ಸ್ವಾಮಿಗೇ ನೆರಳಿರಲಿಲ್ಲ

ಕಂಸಾಳೆ ಹಿಡಿದು ಕಥೆ ಮಾಡುವ ದೇವರಗುಡ್ಡರು ಏನು ಹೇಳುತ್ತಾರೆ? ಸ್ವಾಮಿ ಈ ನಾಡಿಗೆ ಬಂದಾಗ ಸಿಂಹಾಸನದ ಮೇಲೆ ಕುಳಿತು ಬರಲಿಲ್ಲ. ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕಕ್ಕೆ ನಿಂತರು. ಆಮೇಲೆ ಹುಲಿಯನ್ನೇ ವಾಹನ ಮಾಡಿಕೊಂಡು ಕಾಡು ಮಲೆಯಲ್ಲಿ ತಿರುಗಿದರು. ಕಲ್ಲು ಮುಳ್ಳು, ಮಳೆ ಗಾಳಿ ಎಲ್ಲವನ್ನೂ ಉಂಡರು. ಕೊನೆಗೆ ಆಲಂಬಾಡಿಯ ಜುಂಜೇಗೌಡ ಎಂಬ ಒಕ್ಕಲಮಗ ಸ್ವಾಮಿಗೆ ಗುಡಿ ಕಟ್ಟಿಸಿದನೆಂಬುದು ಪ್ರತೀತಿ. ಲೋಕಕ್ಕೆಲ್ಲ ನೆರಳಾದವನಿಗೆ ನೆರಳು ಮಾಡುವ ಭಾಗ್ಯ ಒಬ್ಬ ಭಕ್ತನಿಗೆ ಬಂತು. ಇವತ್ತು ಬೆಟ್ಟದ ಬಯಲಲ್ಲಿ ನಾಲ್ಕು ಗಳ ನಿಲ್ಲಿಸಿ ಟಾರ್ಪಾಲು ಎಳೆಯುವವನೂ ಅದೇ ಸೇವೆಯನ್ನು ಮುಂದುವರಿಸುತ್ತಿದ್ದಾನೆ ಎಂದು ತಿಳಿಯಬೇಕು.

ಜಾತ್ರೆ ಮುಗಿದ ಮಾರನೇ ದಿನ

ಗುಡಾರ ಹಾಕುವಾಗ ಇರುವ ಹುರುಪು ಬಿಚ್ಚುವಾಗ ಇರುವುದಿಲ್ಲ. ಒಂದು ಊರಿನ ಮಾತನ್ನೇ ತೆಗೆದುಕೊಳ್ಳೋಣ. ಊರಿಗೆ ಹೊರಡುವ ಹೊತ್ತಿಗೆ ಟೆಂಪೊದವನು ಹಾರನ್ನು ಹೊಡೆಯುತ್ತಿರುತ್ತಾನೆ. ರಾತ್ರಿಯ ಇಬ್ಬನಿಗೆ ಒದ್ದೆಯಾದ ಟಾರ್ಪಾಲನ್ನು ಹಾಗೇ ಮುದುರಿ ತುರುಕುತ್ತಾರೆ. ಊರು ಮುಟ್ಟಿದ ಮೇಲೆ ಮಾತು ಶುರುವಾಗುತ್ತದೆ.

“ಲೋ ಮಾದ, ಈ ಸಲ ನಿಮ್ಮನೇಲಿ ಇಟ್ಕೊಳ್ರಪ್ಪ.”

“ನಮ್ಮನೇಲೆಲ್ಲಿದ್ದದಣ್ಣೋ ಜಾಗ? ಹೋದ್ ವರ್ಸ ನಾನೇ ಅಲ್ವಾ ಮಡಿಕಂಡಿದ್ದು?”

ಕಡೆಗೆ ಯಾರದೋ ಕೊಟ್ಟಿಗೆಯ ಮೂಲೆಗೆ ಬೀಳುತ್ತದೆ. ಯುಗಾದಿ ಕಳೆದರೆ ಮಹಾಲಯಕ್ಕೆ ಸುಮಾರು ಆರು ತಿಂಗಳು. ನಡುವೆ ಮುಂಗಾರು. ಒದ್ದೆ ಟಾರ್ಪಾಲು ಬೂಷ್ಟು ಹಿಡಿಯುತ್ತದೆ, ಹೆಗ್ಗಣ ಗೂಡು ಮಾಡುತ್ತದೆ, ಬಿದಿರ ಗಳಕ್ಕೆ ಗೆದ್ದಲು ಹತ್ತುತ್ತದೆ. ಮತ್ತೆ ಬಿಚ್ಚಿ ನೋಡಿದರೆ ಆಕಾಶ ಕಾಣುವಷ್ಟು ತೂತು. ಮತ್ತೆ ಚಂದಾ, ಮತ್ತೆ ಹೊಸದು. ದಾಸೋಹಕ್ಕೆ ಒಂದು ಮೂಟೆ ಅಕ್ಕಿ ಕೊಳ್ಳಬೇಕಾದ ಕಾಸು ಹೆಗ್ಗಣದ ಪಾಲಾಯಿತು. ಇನ್ನು ಕೆಲವರು ಹೊತ್ತುಕೊಂಡು ಹೋಗುವ ಗೋಜೇ ಬೇಡವೆಂದು ಹರಿದ ಟಾರ್ಪಾಲು, ಪ್ಲಾಸ್ಟಿಕ್ ಹಾಳೆಗಳನ್ನು ಬೆಟ್ಟದಲ್ಲೇ ಬಿಸಾಕಿ ಹೋಗುತ್ತಾರೆ. ಸ್ವಾಮಿಗೆ ಹರಕೆ ಒಪ್ಪಿಸಿ, ಸ್ವಾಮಿಯ ಮನೆ ಅಂಗಳಕ್ಕೆ ಕಸ ಸುರಿದು ಹೋದ ಹಾಗಾಯಿತು.

ಲಕ್ಕಮ್ಮನ ಮಾತು, ಚಂದಯ್ಯನ ಹಗ್ಗ

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯನ ಕಥೆ ಬಹಳ ಜನ ಕೇಳಿದ್ದೀರಿ. ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು ಆತ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಂದಿಗೆ ಬೇಕಾದ್ದಕ್ಕಿಂತ ಹೆಚ್ಚು ತಂದದ್ದು ಆಸೆಯಾಯಿತೆಂದು ತಿಳಿಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು. ಈಗ ನೋಡಿ, ಅಕ್ಕಪಕ್ಕದ ಐದು ಊರಿನವರು ಐದು ಜೊತೆ ಗುಡಾರದ ಸಾಮಾನು ಇಟ್ಟುಕೊಂಡಿರುತ್ತಾರೆ. ಒಂದು ಊರಿನವರು ಶಿವರಾತ್ರಿಗೆ ಬರುವವರು, ಇನ್ನೊಂದು ಊರಿನವರು ದೀಪಾವಳಿಗೆ. ಒಬ್ಬರದು ಬಳಕೆಯಲ್ಲಿರುವಾಗ ನಾಲ್ಕು ಊರಿನದು ಸುಮ್ಮನೆ ಕೊಳೆಯುತ್ತಿರುತ್ತದೆ. ಲಕ್ಕಮ್ಮ ತಾಯಿ ಇದನ್ನು ಕಂಡಿದ್ದರೆ ಏನು ಹೇಳುತ್ತಿದ್ದಳೋ ಭಕ್ತರೇ ಊಹಿಸಬೇಕು.

ಅದೇ ಕಾಲದ ಇನ್ನೊಬ್ಬ ಶರಣ ನುಲಿಯ ಚಂದಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ಕೈಕೆಲಸ ಬಿಟ್ಟು ಹುಡುಕಲಿಲ್ಲ. ಲಿಂಗವೇ ಬೆನ್ನು ಹತ್ತಿ ಬಂದರೂ ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯನವರು ಬಂದು ತಿಳಿಹೇಳಬೇಕಾಯಿತು. ಗುಡಾರಕ್ಕೆ ಕಟ್ಟುವ ಹಗ್ಗವನ್ನು ಬಿಚ್ಚಿ, ಸಿಕ್ಕು ಬಿಡಿಸಿ, ಸುತ್ತಿ ಇಡುವ ಕೆಲಸಕ್ಕೆ ಬೇಜಾರು ಪಡುವವರು ಚಂದಯ್ಯನನ್ನು ನೆನೆಯಬೇಕು. ದರ್ಶನವಾದ ಮೇಲಿನ ಕೆಲಸವೂ ಪೂಜೆಯ ಭಾಗವೇ.

ಒಟ್ಟಾಗಿ ಇಡುವ ಕ್ರಮ

ನಾಲ್ಕು ಜಾತ್ರೆಗಳ ಲೆಕ್ಕ ಹಾಕಿ ನೋಡಿ. ಶಿವರಾತ್ರಿಗೂ ಯುಗಾದಿಗೂ ಸುಮಾರು ಒಂದು ತಿಂಗಳ ಅಂತರ. ಮಹಾಲಯಕ್ಕೂ ದೀಪಾವಳಿಗೂ ಅಷ್ಟೇ. ಅಂದರೆ ಜಾತ್ರೆಗಳು ಎರಡೆರಡು ಜೋಡಿಯಾಗಿ ಬರುತ್ತವೆ. ನಾಲ್ಕಕ್ಕೂ ಸಾಮಾನನ್ನು ಊರಿನಿಂದ ಹೊತ್ತು ತಂದು ವಾಪಸು ಒಯ್ದರೆ ಎಂಟು ಸಲ ಗಾಡಿ ಬಾಡಿಗೆ. ಹತ್ತಾರು ಗುಂಪು ಸೇರಿ ಹನೂರು ಇಲ್ಲವೆ ಕೊಳ್ಳೇಗಾಲದ ಕಡೆ ಒಂದು ಒಳ್ಳೆಯ ಕೋಣೆ ಬಾಡಿಗೆಗೆ ಹಿಡಿದು, ಆ ಒಂದು ತಿಂಗಳು ಅಲ್ಲೇ ಇಟ್ಟರೆ, ಊರಿನ ದೂರದ ಬಾಡಿಗೆ ನಾಲ್ಕೇ ಸಲ. ವರ್ಷವಿಡೀ ಅಲ್ಲೇ ಇಟ್ಟರೆ ಅದೂ ಇಲ್ಲ. ಶಿವರಾತ್ರಿಗೆ ಬಂದವರು ಬಿಚ್ಚಿಟ್ಟ ಗುಡಾರದಲ್ಲೇ ಯುಗಾದಿಯವರು ಮಲಗಬಹುದು.

ಇದಕ್ಕೆ ಕೆಲವು ಕಟ್ಟುಪಾಡು ಬೇಕು:

1. ಟಾರ್ಪಾಲನ್ನು ಒಣಗಿಸದೆ ಮಡಿಸಬಾರದು. ಬೆಟ್ಟದಲ್ಲಿ ಬಿಸಿಲು ಸಿಗದಿದ್ದರೆ ಕೋಣೆ ಮುಟ್ಟಿದ ದಿನವೇ ಬಿಚ್ಚಿ ಹರಡಬೇಕು. ಅನ್ನ ಸಾರು ಚೆಲ್ಲಿದ ಜಾಗ ತೊಳೆಯಬೇಕು. ಹೆಗ್ಗಣಕ್ಕೆ ಆ ವಾಸನೆಯೇ ದಾರಿ.

2. ನೆಲದ ಮೇಲೆ ಇಡಬಾರದು. ಕಲ್ಲಿಟ್ಟು ಹಲಗೆ ಹಾಸಿ ಮೇಲೆ ಜೋಡಿಸಬೇಕು. ಗೋಡೆಗೆ ತಾಗಬಾರದು. ಒಣಗಿದ ಬೇವಿನ ಸೊಪ್ಪನ್ನು ಮಡಿಕೆಗಳ ನಡುವೆ ಇಡುವುದು ಹಿರಿಯರ ರೂಢಿ. ಮಳೆಗಾಲದಲ್ಲಿ ತಿಂಗಳಿಗೊಂದು ಸಲ ಬಿಸಿಲು ಕಂಡಾಗ ತೆಗೆದು ನೋಡಬೇಕು.

3. ಗಳ, ಪೈಪು, ಗೂಟಗಳಿಗೆ ಬಣ್ಣದಲ್ಲಿ ನಂಬರು ಹಾಕಬೇಕು. ಒಂದು ಗುಡಾರದ ಸಾಮಾನು ಒಂದೇ ಕಟ್ಟಿನಲ್ಲಿರಬೇಕು. ಕತ್ತಲಲ್ಲಿ ಬಂದಿಳಿದವರಿಗೂ ಸಿಗುವಂತಿರಬೇಕು.

4. ಒಂದು ಪುಸ್ತಕ ಇಡಬೇಕು. ಯಾರು ಎಷ್ಟು ಒಯ್ದರು, ಎಷ್ಟು ತಂದರು, ಯಾವುದು ಹರಿದಿದೆ ಎಂದು ಬರೆಯಬೇಕು. ಹರಿದದ್ದನ್ನು ಮುಚ್ಚಿಡುವುದು ಮುಂದೆ ಬರುವ ಭಕ್ತನ ತಲೆ ಮೇಲೆ ಮಳೆ ಸುರಿದಂತೆ.

5. ಬೀಗದ ಕೈ ಎರಡಿರಬೇಕು, ಅವು ಎರಡು ಬೇರೆ ಕೇರಿಯವರ ಕೈಯಲ್ಲಿರಬೇಕು.

ಈ ಕೊನೆಯ ಮಾತು ಸಣ್ಣದಲ್ಲ. ಒಟ್ಟಿಗೆ ಇಡುವ ಕೆಲಸ ಕೆಡುವುದು ಹೆಗ್ಗಣದಿಂದಲ್ಲ, ಮನಸ್ಸಿನಿಂದ. “ಅವರ ಮನೇಲಿಟ್ಟ ಜಮಖಾನ ನಮಗ್ಯಾಕೆ?” ಎಂದು ಒಬ್ಬರು ಅನ್ನುತ್ತಾರೆ, “ನಮ್ಮ ದುಡ್ಡಿನ ಗುಡಾರದಲ್ಲಿ ಅವರು ಮಲಗೋದಾ?” ಎಂದು ಇನ್ನೊಬ್ಬರು. ಮಾದಪ್ಪನ ಒಕ್ಕಲು ಎಂದರೆ ಯಾರು? ಬೇಡಗಂಪಣರು, ಸೋಲಿಗರು, ಕುರುಬರು, ಲಿಂಗಾಯತರು, ಒಕ್ಕಲಿಗರು, ದಲಿತರು, ಎಲ್ಲರೂ. ಬಯಲಿನಲ್ಲಿ ಮಳೆ ಹೊಡೆದಾಗ ಅದು ಕುಲ ಕೇಳಿ ತೋಯಿಸುವುದಿಲ್ಲ. ಒಂದು ಟಾರ್ಪಾಲಿನ ಕೆಳಗೆ ಎರಡು ಕೇರಿಯ ಜನ ಒಂದು ರಾತ್ರಿ ಮಲಗಿ ಎದ್ದರೆ, ಊರಿಗೆ ಹೋದ ಮೇಲೂ ಮುಖ ತಿರುಗಿಸಿ ನಡೆಯುವುದು ಕಷ್ಟ. ಯಾತ್ರೆಯ ಫಲ ಎಂಬುದು ಇದಕ್ಕಿಂತ ಬೇರೆ ಏನಿದೆ?

ಸಾಗಿಸುವಾಗ

ಗಾಡಿಯನ್ನೂ ಒಟ್ಟಾಗಿಯೇ ಗೊತ್ತು ಮಾಡಬೇಕು. ಐದು ಗುಂಪು ಐದು ಟೆಂಪೊ ತರುವ ಬದಲು ಒಂದು ಲಾರಿ ಸಾಕು. ಬಾಡಿಗೆ ಹಂಚಿಹೋಗುತ್ತದೆ, ಘಾಟಿಯಲ್ಲಿ ಗಾಡಿಯ ದಟ್ಟಣೆಯೂ ತಗ್ಗುತ್ತದೆ. ಬೆಟ್ಟದ ದಾರಿಯಲ್ಲಿ ತಿರುವು ಬಹಳ. ಗಳಗಳು ಹಿಂದಕ್ಕೆ ಚಾಚಿಕೊಂಡಿರಬಾರದು, ಗಾಡಿಯ ಒಳಗೇ ಹಿಡಿಸುವಷ್ಟು ಉದ್ದ ಇದ್ದರೆ ಸಾಕು. ಹೊರೆಯ ಮೇಲೆ ಜನ ಕೂರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಹುಡುಗರು “ಏನಾಯ್ತದೆ ಬುಡಣ್ಣ” ಎಂದು ಹತ್ತಿ ಕೂತರೆ ಹಿರಿಯರು ಗದರಿಸಿ ಇಳಿಸಬೇಕು. ಹರಕೆ ತೀರಿಸಲು ಹೊರಟ ಮನೆಗೆ ದುಃಖ ಬರಬಾರದು.

ಕಾಡೂ ಸ್ವಾಮಿಯದೇ

ಹಿಂದಿನ ಕಾಲದಲ್ಲಿ ಕೊಂಬೆ ಕಡಿದು ಚಪ್ಪರ ಹಾಕುತ್ತಿದ್ದರು. ಈಗ ಹಾಗೆ ಮಾಡುವಂತಿಲ್ಲ. ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾಗಿದೆ. ಆನೆ, ಹುಲಿ, ಕಡವೆ ಇರುವ ಕಾಡು. ಉಪ್ಪು ಅಂಟಿದ ಪ್ಲಾಸ್ಟಿಕ್ ಹಾಳೆಯನ್ನು ಪ್ರಾಣಿಗಳು ತಿಂದರೆ ಹೊಟ್ಟೆಯಲ್ಲಿ ಸಿಕ್ಕಿ ನರಳಿ ಸಾಯುತ್ತವೆ. ಹುಲಿಯನ್ನು ವಾಹನ ಮಾಡಿಕೊಂಡ ಸ್ವಾಮಿಯ ಕಾಡಿನಲ್ಲಿ ಭಕ್ತನಿಂದ ಒಂದು ಮೂಕಪ್ರಾಣಿ ಸತ್ತರೆ ಯಾವ ಹರಕೆ ಅದನ್ನು ತೊಳೆದೀತು? ಗುಡಾರ ಬಿಚ್ಚಿದ ಮೇಲೆ ಆ ಜಾಗವನ್ನು ಒಂದು ಸುತ್ತು ನಡೆದು ಹಗ್ಗದ ತುಂಡು, ಹಾಳೆಯ ಚೂರು ಆರಿಸಿ ಗೋಣಿಚೀಲಕ್ಕೆ ಹಾಕಿ ಅದೇ ಲಾರಿಯಲ್ಲಿ ಒಯ್ಯಬೇಕು. ಗೂಟ ಕಿತ್ತ ಗುಂಡಿಗಳನ್ನು ಮುಚ್ಚಬೇಕು.

ಆದ್ದರಿಂದ ಭಕ್ತಮಹಾಶಯರೇ, ಈ ಸಲ ಊರಿಗೆ ಹೋದ ಮೇಲೆ ಮಾರಿಗುಡಿ ಜಗಲಿಯ ಮೇಲೋ, ಅರಳಿಕಟ್ಟೆಯ ಮೇಲೋ ಹತ್ತು ಜನ ಕೂತು ಮಾತಾಡಿರಿ. ಪಕ್ಕದೂರಿನವರನ್ನೂ ಕರೆಯಿರಿ. ಎಷ್ಟು ಗುಡಾರ ಇದೆ, ಎಷ್ಟು ಬೇಕು, ಎಲ್ಲಿಡೋಣ, ಯಾರು ಪುಸ್ತಕ ಬರೆಯುತ್ತಾರೆ ಎಂದು ತೀರ್ಮಾನಿಸಿರಿ. ಉಳಿದ ಹಣ ದಾಸೋಹದ ಅಕ್ಕಿಗಾಗಲಿ. ಯಾರೋ ಗುರುತಿಲ್ಲದ ಮುದುಕಿ ಮುಂದಿನ ಮಹಾಲಯದ ಮಳೆಯಲ್ಲಿ ನಿಮ್ಮ ಗುಡಾರದ ಕೆಳಗೆ ಸೆರಗು ಹಿಂಡಿಕೊಂಡು “ಮಾದಪ್ಪ, ಇವರ ಹೊಟ್ಟೆ ತಣ್ಣಗಿರಲಿ” ಎಂದು ಹರಸಿದರೆ, ಆ ಹರಕೆ ಸ್ವಾಮಿಗೆ ಮುಟ್ಟಿತೆಂದೇ ತಿಳಿಯಿರಿ.

ಸರ್ವರಿಗೂ ಸ್ವಾಮಿ ಸನ್ಮಂಗಳವನ್ನುಂಟುಮಾಡಲಿ.

ಉಘೇ ಮಾದಪ್ಪ! ಉಘೇ ಉಘೇ!