ದೇವರೆದುರಿನ ಮೆಟ್ಟಿಲು
ಬೀದಿಯ ಧೂಳು ಮೆತ್ತಿದ ಗಾಲಿಕುರ್ಚಿಯನ್ನು ಒಳಗೆ ಬಿಡುವಂತಿಲ್ಲ ಎನ್ನುವ ದೇವಸ್ಥಾನಗಳಿವೆ. ಹೇಳುವವರಿಗೆ ಅದು ಮಡಿಯ ಪ್ರಶ್ನೆ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ, ಕಾಲನ್ನು ಹೊರಗೆ ಕಳಚಿಟ್ಟು ಬನ್ನಿ ಎಂದಂತೆ. ಕಾಲು ತೊಳೆದರೆ ಮೈಲಿಗೆ ಹೋಗುವುದಾದರೆ, ಒದ್ದೆ ಬಟ್ಟೆಯಲ್ಲಿ ಒರೆಸಿದ ಚಕ್ರಕ್ಕೆ ಯಾವ ಮೈಲಿಗೆ?

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ನಡೆಯಲಾಗದವರನ್ನು ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಬಂಡೆಯಲ್ಲೇ ಕಡಿದ ದಾರಿ, ಬೇರೆ ಉಪಾಯ ಕಷ್ಟ. ಬಯಲಿನ ಗುಡಿಯ ಮೂರು ಮೆಟ್ಟಿಲಿಗೆ ಆ ಸಬೂಬು ನಡೆಯದು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಪಕ್ಕದಲ್ಲಿ ಹಿಡಿಕಂಬಿ ಇದ್ದರೆ ಗಾಲಿ ಏರುತ್ತದೆ.

ಉಡುಪಿಯಲ್ಲಿ ಗುಡಿಯೊಳಗೆ ಪ್ರವೇಶ ಸಿಗದ ಕನಕದಾಸರಿಗಾಗಿ ಕೃಷ್ಣನೇ ತಿರುಗಿದನೆಂಬುದು ಐತಿಹ್ಯ. ಅಲ್ಲಿ ಕೊರತೆ ಇದ್ದದ್ದು ಭಕ್ತನಲ್ಲಲ್ಲ, ಬಾಗಿಲಲ್ಲಿ.

ಕಾನೂನೂ ಬಾಗಿಲನ್ನೇ ಪ್ರಶ್ನಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಜನ ಧಾರ್ಮಿಕ ಕಾರ್ಯಕ್ಕೆ ಬಳಸುವ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಸುಗಮ ಪ್ರವೇಶದ ಮಾನದಂಡ ಬರೀ ಶಿಫಾರಸಾದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಾಲ್ವರು ಎತ್ತಿ ಒಳಗೊಯ್ಯುವುದು ಕರುಣೆಯೇ, ಸಂದೇಹವಿಲ್ಲ. ಆದರೆ ಪ್ರತಿ ಸಲವೂ ಯಾರದೋ ಹೆಗಲೇರಿ ಹೋಗುವವರಿಗೆ ದೇವರೊಂದಿಗೆ ಒಬ್ಬರೇ ಇರುವ ಗಳಿಗೆ ಸಿಗುವುದಿಲ್ಲ. ಉಳಿದ ಭಕ್ತರಿಗೆ ಅದು ಕೇಳದೆಯೇ ಸಿಗುತ್ತದೆ.