ಊಟ ಆಯ್ತಾ?

ಆರ್.ಟಿ. ನಗರದಲ್ಲಿ ನನ್ನದೊಂದು ಪುಟ್ಟ ಲೆಕ್ಕಪತ್ರದ ಕಚೇರಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇಬ್ಬರು ಹುಡುಗಿಯರು ಯಲಹಂಕದ ತಮ್ಮ ಮನೆಗಳಿಂದಲೇ ಟ್ಯಾಲಿಯಲ್ಲಿ ಲೆಕ್ಕ ಬರೆಯತೊಡಗಿದರು, ಇಂದಿಗೂ ಹಾಗೆಯೇ. ಕಣ್ಣೆದುರಿಗೆ ಇಲ್ಲದವರು ಕೆಲಸ ಮಾಡುತ್ತಾರೆಯೇ ಎಂಬ ಅಳುಕು ನನಗೆ. ಜಿಎಸ್‌ಟಿಗೆ ತಿಂಗಳ 20ರ ಗಡುವು ಬೇರೆ. ಗಂಟೆಗೊಮ್ಮೆ ಫೋನ್ ಮಾಡಿ "ಎಷ್ಟಾಯ್ತು?" ಎನ್ನುತ್ತಿದ್ದೆ.

ಒಂದು ದಿನ ಅವರಲ್ಲೊಬ್ಬಳು ಮೆಲ್ಲಗೆ ಅಂದಳು: "ಮೇಡಂ, ಕೆಲಸ ಆಯ್ತಾ ಅಂತ ದಿನಾ ಕೇಳ್ತೀರಿ. ಊಟ ಆಯ್ತಾ ಅಂತ ಒಂದು ದಿನಾನೂ ಕೇಳಲಿಲ್ಲ."

ಚುರುಕ್ಕೆಂದಿತು. ಮದುವೆಯಾದ ಹೊಸತರಲ್ಲಿ ತರಕಾರಿಗೆಂದು ಕೊಟ್ಟ ಹತ್ತು ರೂಪಾಯಿಗೆ ಅತ್ತೆಯವರು ಲೆಕ್ಕ ಕೇಳಿದಾಗ, ಅಡುಗೆಮನೆಯಲ್ಲಿ ನಿಂತು ಅತ್ತದ್ದು ನೆನಪಾಯಿತು. ನನ್ನನ್ನು ನಂಬಲಿಲ್ಲವಲ್ಲ ಎಂಬ ನೋವು ಅದು.

ಈಗ ಒಂದೊಂದು ಅಂಗಡಿಯ ಲೆಕ್ಕವನ್ನು ಪೂರ್ತಿಯಾಗಿ ಒಬ್ಬೊಬ್ಬಳಿಗೆ ಒಪ್ಪಿಸಿದ್ದೇನೆ. ಅಂಗಡಿಯವರು ಅವರನ್ನೇ ಹೆಸರು ಹಿಡಿದು ಕೇಳುತ್ತಾರೆ. 15ನೇ ತಾರೀಖು ಎಲ್ಲರೂ ಸೇರಿ ತಪ್ಪು ತಿದ್ದಿಕೊಳ್ಳುತ್ತೇವೆ. ಕೆಲಸ ಚೆನ್ನಾಗಿ ಸಾಗಿದೆ. ಊಟದ ವಿಚಾರವನ್ನೂ ಮರೆಯದೆ ಕೇಳುತ್ತೇನೆ.

ಆದರೆ ಹಾಗೆ ಕೇಳುವುದು ಅಕ್ಕರೆಯಿಂದಲೋ, ಕೆಲಸ ನಡೆಯಲೆಂದೋ? ಈ ಲೆಕ್ಕವನ್ನು ಯಾರೂ ನನ್ನಿಂದ ಕೇಳುವುದಿಲ್ಲ. ನಾನೇ ಕೇಳಿಕೊಳ್ಳಬೇಕು.